ಅನಗತ್ಯವಾದ ನೋವು

ಸುಗ್ಗಿ ಮುಗಿದ ಮೇಲೆ ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆ ಜೋಡೆತ್ತಿನ ಗಾಡಿ ಓಟವಿದೆಯೆಂದು ಕೇಳಿದರೆ ನಾನು ಶನಿವಾರವೇ ಹೊರಟುಬಿಡುವವನು. ಕೊಯ್ಲಾದ ಬಯಲು, ಧೂಳು, ಹಳ್ಳಿಕಾರ್ ಎತ್ತುಗಳ ನೀಳ ಕೊಂಬು; ಇವುಗಳ ಮುಂದೆ ಮೋಟಾರಿನ ಪಂದ್ಯ ನನಗೆ ಸಪ್ಪೆ. ಯಂತ್ರಕ್ಕೆ ಓಡುವ ಮನಸ್ಸಿಲ್ಲ. ಎತ್ತಿಗೆ ಇದೆಯೆಂದು ತಾನೆ ಹೇಗೆ ಹೇಳೋಣ?

2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಜಲ್ಲಿಕಟ್ಟನ್ನೂ ಎತ್ತಿನ ಗಾಡಿ ಓಟವನ್ನೂ ತಡೆಯಿತು. 2017ರಲ್ಲಿ ಕರ್ನಾಟಕ ಕಾಯಿದೆಯನ್ನು ತಿದ್ದಿ ಕಂಬಳಕ್ಕೂ ಗಾಡಿ ಓಟಕ್ಕೂ ಎಡೆಮಾಡಿಕೊಟ್ಟಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಷರತ್ತಿನ ತಿರುಳು ಇಷ್ಟು: ಪ್ರಾಣಿಗೆ ಅನಗತ್ಯವಾದ ನೋವಾಗಕೂಡದು.

ಈ 'ಅನಗತ್ಯ' ಎಂಬ ಮಾತು ನನ್ನನ್ನು ಕಾಡುತ್ತದೆ. ಉಳುವ ಎತ್ತಿನ ಹೆಗಲ ಗಾಯಕ್ಕೆ ಅನ್ನದ ನೆಪವಾದರೂ ಉಂಟು. ಓಟವೇ ಅಗತ್ಯವಲ್ಲದ ಮೇಲೆ ಅದರಲ್ಲಿ ಬೀಳುವ ಯಾವ ಪೆಟ್ಟು ಅಗತ್ಯ? ಟ್ರ್ಯಾಕ್ಟರು ಬಂದ ಈ ಕಾಲದಲ್ಲಿ ಓಟವೂ ಇಲ್ಲವಾದರೆ ಇಂಥ ಎತ್ತನ್ನು ಸಾಕುವವರಾರು ಎನ್ನುತ್ತಾರೆ. ಸುಳ್ಳಲ್ಲ, ಹುರುಳಿ, ಹಿಂಡಿ ತಿನ್ನಿಸಿ ಮಗನಂತೆ ಮೈತಿಕ್ಕುವ ರೈತನನ್ನು ನಾನೂ ಕಂಡಿದ್ದೇನೆ. ಆದರೆ ಸಾಕಿದ ಋಣವನ್ನು ಬೆನ್ನ ಮೇಲೆ ಬಡಿದು ವಸೂಲು ಮಾಡುವುದು ಯಾವ ನ್ಯಾಯ?

ಕಾಯಿದೆ ನೋಡುವುದು ಗಾಡಿ ಹೊಡೆಯುವವನ ಕೈಯನ್ನು. ಆ ಕೈ ಮೇಲೇಳುವುದೋ, ಗೆರೆ ಹತ್ತಿರವಾಗಿ ಜನ ಕೂಗಿದಾಗ. ನೋಡುವವರ ಗಂಟಲಿಗೆ ಷರತ್ತು ಹಾಕಿದವರಿಲ್ಲ. ಬಾರುಕೋಲೇ ಇಲ್ಲದೆ, ಎತ್ತು ತಾನಾಗಿ ಓಡಿದಷ್ಟೇ ಓಡುವ ಪಂದ್ಯವಿಟ್ಟರೆ ಇಷ್ಟೇ ಜನ ಸೇರುತ್ತೇವೆಯೆ? ನಾನೇನೋ ಹೋದೇನು. ಬೇಲಿಯ ಪಕ್ಕ ನಿಲ್ಲುವ ಉಳಿದವರನ್ನು ಕೇಳಿನೋಡಬೇಕು.