ಅವಸರದ ಕೂಲಿ

ಬೇಯಿಸಿದ ಅಡಿಕೆಯನ್ನು ಚೆನ್ನಾಗಿ ಒಣಗಿಸದೆ ಮೂಟೆ ಕಟ್ಟಿದರೆ ಬೂಷ್ಟು ಹಿಡಿಯುತ್ತದೆಂದು ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಹೇಳಬೇಕಿಲ್ಲ. ಕಾರಿನ ಗಾಜಿಗೆ ಸನ್ ಫಿಲ್ಮ್ ಅಂಟಿಸುವ ಕಸುಬಿನಲ್ಲೂ ಇದೇ ಪಾಠವಿದೆ. ಗಾಜು ತೊಳೆದು, ಸೋಪಿನ ನೀರು ಚಿಮುಕಿಸಿ, ಫಿಲ್ಮ್ ಕೂರಿಸಿ, ರಬ್ಬರ್ ಪಟ್ಟಿಯಿಂದ ನೀರನ್ನು ಹೊರದೂಡಬೇಕು. ಉಳಿದ ತೇವ ಆರಲು ಕೆಲವು ದಿನ ಬೇಕು. ಮಲೆನಾಡಿನ ಮಳೆಗಾಲದಲ್ಲಿ ಇನ್ನೂ ಹೆಚ್ಚು. ನೀರಿನ ಸಣ್ಣ ಗುಳ್ಳೆ ತಾನಾಗಿ ಆರುತ್ತದೆ. ಒಳಗೆ ಸಿಕ್ಕಿಕೊಂಡ ಧೂಳಿನ ಕಣ ಹೋಗುವುದಿಲ್ಲ.

ನೈತಿಕ ಪ್ರಶ್ನೆ ಇರುವುದು ಈ ಧೂಳಿನಲ್ಲಿ. ಕಾಯುವ ಗ್ರಾಹಕನಿಗೆ ವೇಗ ಕಾಣುತ್ತದೆ, ಸರಿಯಾಗಿ ತೊಳೆಯದೆ ಬಿಟ್ಟದ್ದು ಕಾಣುವುದಿಲ್ಲ. ಹಾಗೆಂದು ನಿಧಾನವೇ ಪ್ರಾಮಾಣಿಕತೆಯಲ್ಲ. ದುಡಿದು ತಿನ್ನುವವನಿಗೆ ದಿನದ ಎರಡನೆಯ ಕಾರೆಂದರೆ ಮನೆಯ ಅಕ್ಕಿ. ಅಭ್ಯಾಸದಿಂದ ಬಂದ ವೇಗ ಅವನ ಗಳಿಕೆ. ತೊಳೆಯುವ ಹೊತ್ತನ್ನು ಕದ್ದು ಪಡೆದ ವೇಗ ಮೋಸ.

ಬೆಳಕನ್ನು ಅಳೆಯುವುದಕ್ಕೂ ಹೊತ್ತು ಬೇಕು. 2012ರಲ್ಲಿ ಸುಪ್ರೀಂ ಕೋರ್ಟು ಫಿಲ್ಮನ್ನೇ ನಿಷೇಧಿಸಿತ್ತು. ನಿಯಮ ತಿದ್ದುಪಡಿಯಾದ ಬಳಿಕ, 2024ರಲ್ಲಿ ಕೇರಳ ಹೈಕೋರ್ಟು, ಹಿಂದೆ-ಮುಂದೆ ಶೇ. 70, ಪಕ್ಕದಲ್ಲಿ ಶೇ. 50ರಷ್ಟು ಬೆಳಕು ಹಾಯುವ ಫಿಲ್ಮಿಗೆ ದಂಡವಿಲ್ಲವೆಂದಿತು. ಅಳೆಯದೆ ಅಂಟಿಸಿದ ಕಪ್ಪಿನ ಅಪಾಯ ಬೀಳುವುದು ದಾರಿಹೋಕನ ಮೇಲೆ. ಅವನು ಈ ವ್ಯವಹಾರದಲ್ಲೇ ಇರಲಿಲ್ಲ.

‘ನಾಳೆ ಬನ್ನಿ’ ಎನ್ನುವ ಧೈರ್ಯ ಕಸುಬುದಾರನಿಗೆ ಬೇಕು. ಅದನ್ನು ಕೇಳಿ ಸಿಡುಕದ ತಾಳ್ಮೆ ನಮಗೆ ಬೇಕು.