ಮೈತೂಕವೂ ಮನೋನಿಗ್ರಹವೂ

ಮೈ ದಪ್ಪವಾದರೆ ಮನಸ್ಸು ಸಡಿಲ ಎಂಬ ತೀರ್ಪು ನಮ್ಮ ಜನರ ಬಾಯಲ್ಲಿ ಬಹಳ ಬೇಗ ಬರುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕನ್ನಡ ಮನೆಗಳಲ್ಲಿ ಉಪವಾಸಕ್ಕೇನೂ ಬರವಿಲ್ಲ. ಶ್ರಾವಣದ ಸೋಮವಾರಗಳು, ಸ್ವಾಮಿ ಸಮರ್ಥರ ಗುರುವಾರ, ಪಂಢರಪುರ ಇದೇ ಜಿಲ್ಲೆಯಲ್ಲಿದ್ದ ಮೇಲೆ ಏಕಾದಶಿ ತಪ್ಪಿದ್ದಲ್ಲ. ಇಷ್ಟೆಲ್ಲ ವ್ರತ ಹಿಡಿದ ಹೆಣ್ಣುಮಗಳ ತೂಕ ಇಳಿಯುವ ಬದಲು ಏರಿದರೆ ನೆರೆಹೊರೆಯ ವಿವರಣೆ ಸಿದ್ಧವಾಗಿಯೇ ಇರುತ್ತದೆ: "ಆಕಿ ಬಾಯಿ ಕಟ್ಟೂದಿಲ್ಲ ಬಿಡ್ರಿ." (ಉಪವಾಸದ ಸಾಬುದಾಣಿ ಖಿಚಡಿಗೆ ಬೀಳುವ ಶೇಂಗಾ ಪುಡಿ, ತುಪ್ಪ ನೋಡಿದರೆ ಆ ಮಾತಿನಲ್ಲಿ ಒಮ್ಮೊಮ್ಮೆ ಹುರುಳಿರುವುದೂ ಉಂಟು.) ಈ ಚಾಡಿಯ ಬುಡದಲ್ಲಿ ಒಂದು ಧಾರ್ಮಿಕ ನಂಬಿಕೆ ಇದೆ. ಇಂದ್ರಿಯನಿಗ್ರಹ ಧರ್ಮದ ಮೊದಲ ಮೆಟ್ಟಿಲು. ನಿಗ್ರಹ ಇದೆಯೋ ಇಲ್ಲವೋ ಎಂಬುದಕ್ಕೆ ಶರೀರವೇ ಸಾಕ್ಷಿ. ಮೊದಲ ಮಾತನ್ನು ಒಪ್ಪೋಣ. ಎರಡನೆಯದು ನಿಲ್ಲುವುದಿಲ್ಲ, ಅದನ್ನು ಕೆಡವಲು ಕೊರಳ ಮುಂಭಾಗದಲ್ಲಿರುವ ಸುಮಾರು ಇಪ್ಪತ್ತು ಗ್ರಾಂ ತೂಕದ ಗ್ರಂಥಿಯೊಂದು ಸಾಕು.

ಥೈರಾಯ್ಡ್ ಗ್ರಂಥಿ ಹೆಚ್ಚಾಗಿ ಹೊರಬಿಡುವುದು ಟಿ4 ಎಂಬ ರಸ. ದೇಹ ಅದನ್ನು ಟಿ3 ಆಗಿ ಮಾರ್ಪಡಿಸಿಕೊಂಡು, ಸುಮ್ಮನೆ ಕುಳಿತಾಗಲೂ ಎಷ್ಟು ಶಕ್ತಿ ಖರ್ಚಾಗಬೇಕೆಂಬುದನ್ನು ಅದರಿಂದ ನಡೆಸಿಕೊಳ್ಳುತ್ತದೆ. ಗ್ರಂಥಿ ಮಂದವಾದರೆ ಚಳಿ ತಡೆಯುವುದಿಲ್ಲ, ಚರ್ಮ ಒಣಗುತ್ತದೆ, ಮಲಬದ್ಧತೆ, ತೂಕಡಿಕೆ, ಮುಖ ಊದಿದಂತಾಗುವುದು, ಜೊತೆಗೆ ತೂಕ. ಇದು ಅಪರೂಪದ ಕಾಯಿಲೆಯೂ ಅಲ್ಲ. ದೇಶದ ಎಂಟು ನಗರಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು ಹನ್ನೊಂದು ಜನರಲ್ಲಿ ಈ ಕೊರತೆ ಕಂಡಿತ್ತು. ಅವರಲ್ಲಿ ಹೆಂಗಸರೇ ಹೆಚ್ಚು. ಇನ್ನೂ ವಿಚಿತ್ರವಾದದ್ದು ಉಪವಾಸದ ಪರಿಣಾಮ. ನಾಲ್ಕಾರು ದಿನ ಊಟ ತೀರ ಕಡಿಮೆಯಾದರೆ ಆರೋಗ್ಯವಂತ ದೇಹವೂ ಟಿ3ಯನ್ನು ತಗ್ಗಿಸಿ ಖರ್ಚನ್ನು ಬಿಗಿಹಿಡಿಯುತ್ತದೆ, ಬರಗಾಲದಲ್ಲಿ ಹಗೇವಿನ ಜೋಳವನ್ನು ಅಳೆದು ತೆಗೆಯುವ ಮನೆಯೊಡತಿಯಂತೆ. ಅಂದರೆ ಮನಸ್ಸು ಬಿಗಿಯಾದಷ್ಟೂ ಮೈ ಕರಗಲೇಬೇಕೆಂಬ ಲೆಕ್ಕ ದೇಹಕ್ಕೆ ಗೊತ್ತಿಲ್ಲ.

ಹಾಗಾದರೆ ಎಲ್ಲರಿಗೂ ಒಂದು ನೆಪ ಸಿಕ್ಕಿತಲ್ಲ ಎಂದು ಕೇಳಬಹುದು. ಈ ಆಕ್ಷೇಪ ಗಟ್ಟಿಯಾದದ್ದು. ಥೈರಾಯ್ಡ್ ಕೊರತೆ ತಾನಾಗಿ ಕೂಡಿಸುವ ತೂಕ ಸಾಮಾನ್ಯವಾಗಿ ಎರಡರಿಂದ ನಾಲ್ಕೂವರೆ ಕಿಲೋ ಅಷ್ಟೆ, ಅದರಲ್ಲೂ ಬಹುಪಾಲು ಮೈಯಲ್ಲಿ ನಿಂತ ಉಪ್ಪು, ನೀರು. ಕೊರತೆ ತುಂಬುವ ಟಿ4 ಗುಳಿಗೆ ತೆಗೆದುಕೊಂಡು ಟಿಎಸ್‌ಎಚ್ (ಗ್ರಂಥಿ ಮಂದವಾದಾಗ ರಕ್ತದಲ್ಲಿ ಏರುವ ಸೂಚಕ) ಸರಿಹೋದ ಮೇಲೂ ಇಪ್ಪತ್ತು ಕಿಲೋ ಹೆಚ್ಚುಳಿದರೆ ಅದಕ್ಕೆ ಈ ಗ್ರಂಥಿಯನ್ನು ದೂರಿ ಪ್ರಯೋಜನವಿಲ್ಲ. ಆದರೆ ಇದರಿಂದ ಹಳೆಯ ತೀರ್ಪು ಮರಳಿ ಏಳುವುದೂ ಇಲ್ಲ. ನಿದ್ರೆ, ವಂಶ, ಬೇರೆ ಔಷಧಗಳು, ಕುಳಿತು ಮಾಡುವ ಕೆಲಸ ಎಲ್ಲ ಸೇರಿ ಆಗುವ ತೂಕವನ್ನು ಹೊರಗೆ ನಿಂತು ಕಣ್ಣಳತೆಯಲ್ಲಿ ಪಾಲು ಹಂಚಲು ಯಾರಿಗೆ ಸಾಧ್ಯ? ಹೊಣೆ ಇಲ್ಲವಾಗುವುದಿಲ್ಲ; ಅದರ ಜಾಗ ಬದಲಾಗುತ್ತದೆ. ಬಾಯಿ ಕಟ್ಟುವುದಕ್ಕಿಂತ ಮೊದಲಿನ ಕರ್ತವ್ಯ ದವಾಖಾನೆಗೆ ಹೋಗಿ ರಕ್ತ ಕೊಟ್ಟು ತಿಳಿದುಕೊಳ್ಳುವುದು. ಅರಿವಿಲ್ಲದ ಆಚಾರಕ್ಕೆ ಬೆಲೆಯಿಲ್ಲವೆಂದ ಶರಣರ ನಾಡಿನಲ್ಲಿ, ಸಿದ್ಧರಾಮೇಶ್ವರರ ಸೊಲ್ಲಾಪುರದಲ್ಲಿ, ಇದನ್ನು ಬೇರೆ ಹೇಳಿಕೊಡಬೇಕಾಗಿಲ್ಲ.

ಗ್ರಂಥಿ ಕೆಡುವುದೇ ಪ್ರಾರಬ್ಧಕರ್ಮ ಎನ್ನುವವರೂ ಇದ್ದಾರೆ. ಅವರಿಗೆ ಹಿಮಾಚಲದ ಕಾಂಗ್ಡಾ ಕಣಿವೆಯನ್ನು ತೋರಿಸಬೇಕು. ಅಲ್ಲಿ ಊರಿಗೆ ಊರೇ ಗಳಗಂಡ, ಅಂದರೆ ಅಯೋಡಿನ್ ಸಾಲದೆ ಊದಿದ ಥೈರಾಯ್ಡ್, ಹೊತ್ತಿತ್ತು. 1956ರಲ್ಲಿ ಶುರುವಾದ, ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರ ಪ್ರಯೋಗದಲ್ಲಿ ಉಪ್ಪಿಗೆ ಅಯೋಡಿನ್ ಸೇರಿಸಿ ಕೊಟ್ಟ ವರ್ಷಗಳಲ್ಲಿ ಆ ಕುತ್ತಿಗೆಗಳು ಇಳಿಯತೊಡಗಿದವು. ಯಾರೂ ಪ್ರಾಯಶ್ಚಿತ್ತ ಮಾಡಿಕೊಂಡಿರಲಿಲ್ಲ, ಕೊರತೆ ಇದ್ದದ್ದು ಮಣ್ಣಿನಲ್ಲಿ. ಈಗ ಅಡುಗೆ ಉಪ್ಪಿನಲ್ಲಿ ಅಯೋಡಿನ್ ಇದೆ, ಆದ್ದರಿಂದ ನಮ್ಮ ಕಡೆ ಹೆಚ್ಚಾಗಿ ಕಾಣುವುದು ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಗ್ರಂಥಿಯ ಮೇಲೆ ತಿರುಗಿ ಬೀಳುವ ಬಗೆ. ಅದರಲ್ಲಿ ಕರ್ಮ ಹುಡುಕುವವರು ಹುಡುಕಲಿ, ಕರ್ಮಸಿದ್ಧಾಂತ ಕೂಡ ಇವತ್ತು ಗುಳಿಗೆ ನುಂಗಬೇಡ ಎಂದು ಹೇಳುವುದಿಲ್ಲ.

ಗುಳಿಗೆ ಎಂದರೆ ಸುಲಭದ ದಾರಿ, ತಪಸ್ಸಿಲ್ಲದ ಫಲ ಎಂಬ ತಿರಸ್ಕಾರವೂ ಕೇಳಿಬರುತ್ತದೆ. ಹಾಗೆನ್ನುವವರು ಅದರ ನಿಯಮ ನೋಡಿಲ್ಲ. ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ ಅರ್ಧದಿಂದ ಒಂದು ತಾಸು ಚಹಾ ಮುಟ್ಟಬಾರದು; ಕಬ್ಬಿಣದ, ಕ್ಯಾಲ್ಸಿಯಂ ಗುಳಿಗೆಗೆ ನಾಲ್ಕು ತಾಸು ಅಂತರ ಬೇಕು; ಬಹಳ ಜನರಿಗೆ ಇದು ಬದುಕಿರುವವರೆಗೆ. ಎದ್ದ ಕೂಡಲೇ ಚಹಾ ಬೇಕೆನ್ನುವ ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಕಷ್ಟದ ವ್ರತ ಯಾವುದಿದೆ! ಚಿಂಚೋಳಿ ಎಂಐಡಿಸಿಯ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬರುವವರಿಗಂತೂ ಬೆಳಗಿನ ಖಾಲಿ ಹೊಟ್ಟೆ ಎಂಬ ಮಾತೇ ಹೊಂದುವುದಿಲ್ಲ. ಊಟವಾಗಿ ಮೂರು ತಾಸು ಕಳೆದು ಮಲಗುವ ಮುನ್ನ ತೆಗೆದುಕೊಳ್ಳುವ ಕ್ರಮವೂ ಇದೆ, ವೈದ್ಯರನ್ನು ಕೇಳಿ ಬದಲಿಸಿಕೊಳ್ಳಬೇಕು. ನಿಗ್ರಹ ಇನ್ನೊಂದು ದಿಕ್ಕಿನಲ್ಲೂ ಬೇಕು: ಗ್ರಂಥಿ ಸರಿಯಿದ್ದವರು ಬೇಗ ತೆಳ್ಳಗಾಗಲು ಇದೇ ಗುಳಿಗೆ ನುಂಗಿದರೆ ಎದೆಬಡಿತ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಅತಿಯಾಗಿ ಉಣ್ಣುವವನಿಗೂ ಏನೂ ಉಣ್ಣದವನಿಗೂ ಯೋಗವಿಲ್ಲವೆಂದ ಗೀತೆಯ ಆರನೆಯ ಅಧ್ಯಾಯ ಎರಡು ಕಡೆಯ ಆತುರಕ್ಕೂ ಅನ್ವಯಿಸುತ್ತದೆ.

ವ್ರತದ ದಿನ ಗುಳಿಗೆ ನುಂಗಿದರೆ ವ್ರತ ಕೆಡುತ್ತದೆಯೇ ಎಂಬ ಪ್ರಶ್ನೆಗೆ ಶಾಸ್ತ್ರ ಅಂಜಿಲ್ಲ. ವ್ರತಕ್ಕೆ ಭಂಗ ತಾರದ ಎಂಟು ಸಂಗತಿಗಳನ್ನು ಮಹಾಭಾರತದ ಉದ್ಯೋಗಪರ್ವ ಎಣಿಸುತ್ತದೆ. ನೀರು, ಗಡ್ಡೆ, ಹಣ್ಣು, ಹಾಲಿನ ಜೊತೆಗೆ ಔಷಧವೂ ಆ ಪಟ್ಟಿಯಲ್ಲಿದೆ. ಇನ್ನು, ಒಂದು ಏಕಾದಶಿ ಗುಳಿಗೆ ಮರೆತವರು ಗಾಬರಿಪಡಬೇಕಾಗಿಲ್ಲ. ಟಿ4 ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಹಿಡಿಯುತ್ತದೆ. ಶ್ರಾವಣವಿಡೀ ಬಿಟ್ಟವರ ಮಾತು ಬೇರೆ: ಗಣೇಶ ಚೌತಿಯ ಹೊತ್ತಿಗೆ ಟಿಎಸ್‌ಎಚ್ ಮೇಲೇರಿರುತ್ತದೆ, ಗುಳಿಗೆ ಮತ್ತೆ ಶುರುಮಾಡಿದರೂ ಅದು ಸಮಕ್ಕೆ ಬರಲು ಆರೆಂಟು ವಾರ ಕಾಯಬೇಕು.