ಬಾಗಿಲು ತೆರೆದೇ ಇದೆ ಎನ್ನುವವರಿಗೆ

"ಸರಿ ಕಾಣದಿದ್ದರೆ ಬಿಟ್ಟು ಹೋಗಲಿ ಮಾರಾಯ್ರೆ, ಯಾರು ಕಟ್ಟಿ ಹಾಕಿದ್ದಾರೆ?" ನನ್ನನ್ನು ಇಷ್ಟು ಕೆರಳಿಸುವ ಮಾತು ಇನ್ನೊಂದಿಲ್ಲ. ಯುವಕ ಮಂಡಲದಲ್ಲಿ, ಗಣೇಶೋತ್ಸವ ಸಮಿತಿಯಲ್ಲಿ, ಹಾಲಿನ ಸೊಸೈಟಿಯಲ್ಲಿ, ದೇವಸ್ಥಾನದ ಜೀರ್ಣೋದ್ಧಾರದ ಸಭೆಗಳಲ್ಲಿ ಇದನ್ನು ಕೇಳುತ್ತಲೇ ಬಂದಿದ್ದೇನೆ. ತುಳುವಿನಲ್ಲಿ ಹೇಳಿದರೆ ಇನ್ನೂ ಚುರುಕಾಗಿ ತಾಗುತ್ತದೆ. ಹೇಳುವವರಿಗೆ ಇದು ತಮ್ಮ ದೊಡ್ಡ ಮನಸ್ಸು ಎಂದೇ ಅನಿಸಿರುತ್ತದೆ: ನಮ್ಮದೇನೂ ಒತ್ತಾಯವಿಲ್ಲ, ಬಾಗಿಲು ತೆರೆದೇ ಇದೆ. ಆದರೆ ಈ ಮಾತು ಯಾವಾಗ ಬರುತ್ತದೆ ಎಂಬುದನ್ನು ಗಮನಿಸಬೇಕು. ಯಾರೋ ಒಂದು ಪ್ರಶ್ನೆ ಕೇಳಿ, ಅದಕ್ಕೆ ಕೊಡಲು ಉತ್ತರವಿಲ್ಲದ ಹೊತ್ತಿನಲ್ಲೇ ಬರುತ್ತದೆ.

ವಾಮದಪದವಿನ ಆಸುಪಾಸಿನ ನಮ್ಮ ಭಜನಾ ಮಂಡಳಿಯಲ್ಲಿ ಎದ್ದ ಪ್ರಶ್ನೆ ಸಣ್ಣದೇ. ಮಂದಿರದ ಎದುರಿನ ಚಪ್ಪರಕ್ಕೆ ಶೀಟು ಹಾಕಿಸಿದ ಲೆಕ್ಕ ಎಲ್ಲಿ? ಕೇಳಿದವನು ತಬಲ ನುಡಿಸುವ ಹುಡುಗ. ಪುಸ್ತಕ ತಂದರು. ಕೆಂಪು ಬಟ್ಟೆಯ ಬೆನ್ನಿನ ಉದ್ದ ಪುಸ್ತಕ. ಎಡಗಡೆ ಜಮೆ, ಮನೆಮನೆಯ ಹೆಸರು, ನೂರು, ಐನೂರು, ಒಬ್ಬರದ್ದು "ಒಂದು ಬಾಳೆಗೊನೆ" ಎಂದೂ ಇತ್ತು. ಬಲಗಡೆ ಖರ್ಚು. ಶೀಟು, ಕಬ್ಬಿಣ, ವೆಲ್ಡಿಂಗಿನವನ ಮಜೂರಿ. ಕೊನೆಯಲ್ಲಿ "ಇತರ" ಎಂಬ ಒಂದು ಸಾಲು, ಅದರ ಎದುರು ಚಿಲ್ಲರೆಯಿಲ್ಲದ ದುಂಡು ಮೊತ್ತ. ಇತರ ಎಂದರೆ ಏನು ಎಂದ ಹುಡುಗ. ದೇವರ ಕೆಲಸದಲ್ಲಿ ನಂಬಿಕೆ ಇಲ್ಲದವರು ಇರುವುದು ಯಾಕೆ, ಎಂದರು ಸಮಿತಿಯವರು. ಆಮೇಲೆ ಬಾಗಿಲಿನ ಮಾತು ಬಂತು. ಮಳೆಗಾಲ ಮುಗಿಯುವಷ್ಟರಲ್ಲಿ ಕೆಲವು ಮನೆಯವರು ಬೇರೆ ಮಂಡಳಿ ಕಟ್ಟಿದರು. "ಅಣ್ಣ, ನೀವೂ ಬನ್ನಿ, ತಾಳ ಹಾಕುವವರು ಇಲ್ಲ" ಎಂದು ನನ್ನನ್ನು ಕರೆದಿದ್ದಾರೆ.

ಇಂಥ ಹೊತ್ತಿನಲ್ಲಿ ಸಮಾಧಾನ ಹೇಳುವ ಪರಂಪರೆಗಳಿಗೆ ನಮ್ಮಲ್ಲಿ ಬರವಿಲ್ಲ. ಸ್ವಧರ್ಮ ಬಿಡಬೇಡ, ಫಲ ಬಯಸಬೇಡ, ಅಹಂಕಾರ ಬಿಡು, ಎಲ್ಲವೂ ಅವನಿಚ್ಛೆ. ಇರಲಿ, ನಮಸ್ಕಾರ. ಇವು ಯಾವುವೂ ಶೀಟಿನ ಲೆಕ್ಕದ ಹತ್ತಿರ ಸುಳಿಯುವುದಿಲ್ಲ. ನನಗೆ ನಿಜವಾಗಿ ತೊಡಕಾಗಿರುವವನು ಇನ್ನೊಬ್ಬ. ಬಾಗಿಲಿನ ವಾದವನ್ನು ನಮ್ಮ ಸಮಿತಿಯವರಿಗಿಂತ ಸಾವಿರ ಪಾಲು ಚೆನ್ನಾಗಿ ಮಂಡಿಸಿದವನು, ಅದೂ ತನ್ನ ಪ್ರಾಣದ ಮೇಲೆ ಬಂದಾಗ ತನ್ನ ವಿರುದ್ಧವೇ ಮಂಡಿಸಿದವನು, ಸಾಕ್ರಟೀಸ್.

ಕ್ರಿ.ಪೂ. 399. ಮರಣದಂಡನೆಯಾಗಿದೆ. ಗೆಳೆಯ ಕ್ರಿಟೋ ಬೆಳಗು ಹರಿಯುವ ಮೊದಲೇ ಸೆರೆಮನೆಗೆ ಬಂದು, ದುಡ್ಡಿನ ವ್ಯವಸ್ಥೆ ಆಗಿದೆ, ಓಡಿಹೋಗೋಣ ಎನ್ನುತ್ತಾನೆ. ಪ್ಲೇಟೋ ಬರೆದ ಸಂವಾದದಲ್ಲಿ ಸಾಕ್ರಟೀಸ್ ಇದಕ್ಕೆ ಮೊದಲು ತಾನೇ ಉತ್ತರಿಸಿ, ಆಮೇಲೆ ಅಥೆನ್ಸಿನ ಕಾನೂನುಗಳಿಂದ ಮಾತಾಡಿಸುತ್ತಾನೆ. ಅವು ಹೇಳುವುದು ಹೀಗೆ: ನಾವು ಯಾರನ್ನೂ ಕಟ್ಟಿ ಹಾಕಿಲ್ಲ. ಇಷ್ಟವಾಗದವನು ತನ್ನ ಸೊತ್ತು ತೆಗೆದುಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ನಿನಗೆ ಎಪ್ಪತ್ತು ವರ್ಷ ಸಮಯವಿತ್ತು. ಸ್ಪಾರ್ಟಾವನ್ನೂ ಕ್ರೀಟನ್ನೂ ಹೊಗಳುತ್ತಿದ್ದೆ, ಹೋಗಲಿಲ್ಲ. ದಂಡಯಾತ್ರೆಗೆ ಬಿಟ್ಟರೆ ಊರಿನ ಗಡಿ ದಾಟಿದವನೇ ಅಲ್ಲ ನೀನು. ಕುಂಟರೂ ಕುರುಡರೂ ನಿನಗಿಂತ ಹೆಚ್ಚು ತಿರುಗಿದ್ದಾರೆ. ಉಳಿದೆ ಎಂದರೆ ಒಪ್ಪಿದೆ. ಒಪ್ಪಿದವನು ನಮ್ಮನ್ನು ಮನವೊಲಿಸಬೇಕು, ಇಲ್ಲವೇ ಹೇಳಿದಂತೆ ಕೇಳಬೇಕು.

ಸುಲಭದ ಉತ್ತರ ಒಂದಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1748ರಲ್ಲಿ ಕೇಳಿದ: ನಿದ್ದೆಯಲ್ಲಿದ್ದವನನ್ನು ಹೊತ್ತು ಹಡಗಿಗೆ ಹಾಕಿದ್ದಾರೆ, ಎಚ್ಚರವಾದಾಗ ಸುತ್ತಲೂ ಸಮುದ್ರ. ಹಾರಿ ಸಾಯಲಿಲ್ಲ ಎಂಬ ಕಾರಣಕ್ಕೆ ಅವನು ಕಪ್ತಾನನ ಅಧಿಕಾರ ಒಪ್ಪಿದ ಎನ್ನಬಹುದೇ? ನಮ್ಮ ಕಡೆ ಸಮುದ್ರ ಅಷ್ಟು ಆಳವಿಲ್ಲ ನಿಜ. ಆದರೆ ಮಂಡಳಿ ಬಿಡುವುದೆಂದರೆ ಶನಿವಾರದ ಭಜನೆ ಬಿಡುವುದಷ್ಟೇ ಅಲ್ಲ. ಮನೆಯಲ್ಲಿ ಬೊಜ್ಜದ (ಉತ್ತರಕ್ರಿಯೆಯ) ಊಟ ಎಂದರೆ ಅನ್ನದ ದೊಡ್ಡ ಪಾತ್ರೆ, ಸಟ್ಟುಗ, ಕುರ್ಚಿ ಬರುವುದು ಮಂಡಳಿಯಿಂದ. ಬಡಿಸಲು ನಿಲ್ಲುವವರು ಮಂಡಳಿಯ ಹುಡುಗರು. ಅಡಿಕೆಗೆ ಮದ್ದು ಬಿಡುವವನು ಸಮಿತಿಯವರೊಬ್ಬರ ತಮ್ಮ. ಮರ ಹತ್ತುವವರು ಸಿಗದ ಈ ಕಾಲದಲ್ಲಿ ಅವನು ಯಾರ ತೋಟಕ್ಕೆ ಮೊದಲು ಬರುತ್ತಾನೆ, ಯಾರದ್ದಕ್ಕೆ ಕೊಳೆರೋಗ ಹಿಡಿದ ಮೇಲೆ ಬರುತ್ತಾನೆ ಎಂಬುದಕ್ಕೆ ಯಾವ ಬೈಲಾದಲ್ಲೂ ನಿಯಮವಿಲ್ಲ. ಬಾಗಿಲು ತೆರೆದಿದೆ, ಆದರೆ ದಾಟಲು ಎಲ್ಲರೂ ಒಂದೇ ಬೆಲೆ ಕೊಡುವುದಿಲ್ಲ.

ನಮ್ಮದೇ ತಾಲೂಕಿನ ಯಕ್ಷಗಾನ ಭಾಗವತ ಪಟ್ಲ ಸತೀಶ ಶೆಟ್ಟರ ಪ್ರಸಂಗ ಎಲ್ಲರಿಗೂ ಗೊತ್ತು. 2019ರ ನವೆಂಬರಿನಲ್ಲಿ ಕಟೀಲು ಮೇಳದ ತಿರುಗಾಟದ ಆರಂಭದಲ್ಲೇ ಅವರನ್ನು ರಂಗಸ್ಥಳದಿಂದ ಇಳಿಸಲಾಯಿತು. ಮರುವರ್ಷ ಪಾವಂಜೆಯಿಂದ ಹೊಸ ಮೇಳ ಹೊರಟಿತು, ಅದರ ಪ್ರಧಾನ ಭಾಗವತರು ಅವರೇ. ಸರಿ ಯಾರದ್ದು, ತಪ್ಪು ಯಾರದ್ದು ಎಂದು ತೂಗುವುದು ನನ್ನ ಕೆಲಸವಲ್ಲ. ನಾನು ನೋಡುವುದು ಇಷ್ಟು: ಆ ಕಂಠ ಹೋದಲ್ಲಿಗೆ ಜನ ಹೋಗುತ್ತಾರೆ. ಅದೇ ಮೇಳದ ಚೌಕಿಯಲ್ಲಿ ಪೆಟ್ಟಿಗೆ ಹೊರುವವನಿಗೆ ಇಂಥ ಗತಿ ಬಂದಿದ್ದರೆ ಅವನ ಹಿಂದೆ ಯಾವ ಮೇಳವೂ ಹುಟ್ಟುತ್ತಿರಲಿಲ್ಲ. ಸಾಕ್ರಟೀಸನ ಕಾನೂನುಗಳು "ಸೊತ್ತು ತೆಗೆದುಕೊಂಡು ಹೋಗು" ಎನ್ನುತ್ತವೆ. ಆದರೆ ಊರಿನಲ್ಲಿ ಬೇರು ಬಿಟ್ಟವನ ದೊಡ್ಡ ಸೊತ್ತು ಅಲ್ಲಿ ಅವನಿಗಿರುವ ಗುರುತು. ಅದನ್ನು ಹೊತ್ತುಕೊಂಡು ಹೋಗಲಾಗುವುದಿಲ್ಲ.

ಇಷ್ಟಕ್ಕೆ ನಿಲ್ಲಿಸಿದರೆ ಗೆದ್ದೆ ಎಂದುಕೊಳ್ಳಬಹುದಿತ್ತು. ಆದರೆ ಕಾನೂನುಗಳ ಬಾಯಲ್ಲಿ ಬರುವ "ಮನವೊಲಿಸು" ಎಂಬ ಷರತ್ತು ನನ್ನನ್ನು ಬಿಡುತ್ತಿಲ್ಲ. ನಮ್ಮ ಸಮಿತಿ ಸಾಕ್ರಟೀಸನ ಕಾನೂನಿಗಿಂತ ಕೀಳಾಗುವುದು ಇಲ್ಲಿಯೇ: ಅವು ಉಳಿದವನಿಗೆ ಮಾತಾಡುವ ಹಕ್ಕು ಕೊಟ್ಟು ವಿಧೇಯತೆ ಕೇಳುತ್ತವೆ, ಇವರು ಮಾತಿನ ಹಕ್ಕು ಕೊಡದೆ ಕೇಳುತ್ತಾರೆ. ಅಥೆನ್ಸೂ ಪೂರ್ತಿಯಾಗಿ ಕೊಟ್ಟಿರಲಿಲ್ಲ ಎನ್ನಿ. ಒಂದೇ ದಿನದಲ್ಲಿ ವಿಚಾರಣೆ ಮುಗಿಸುವ ಪದ್ಧತಿ ಇಲ್ಲದಿದ್ದರೆ ನಿಮ್ಮ ಮನವೊಲಿಸುತ್ತಿದ್ದೆ ಎಂದು ಅವನೇ ನ್ಯಾಯಸಭೆಯಲ್ಲಿ ಹೇಳಿದ್ದ. ನಮ್ಮ ಮಹಾಸಭೆಯಲ್ಲಿ ಲೆಕ್ಕಪತ್ರ ಮಂಡನೆ ಬರುವುದು ಊಟಕ್ಕೆ ಎಲೆ ಹಾಕಿದ ಮೇಲೆ. ಸಮಯ ಕೊಡದಿರುವುದು ಕಿವಿ ಮುಚ್ಚಿಕೊಳ್ಳುವ ಅತ್ಯಂತ ಸಭ್ಯ ವಿಧಾನ.

ಹಾಗಾದರೆ ಹೊರಡಬಹುದಲ್ಲ? ಇಲ್ಲಿ ಸಾಕ್ರಟೀಸನ ಸ್ವಂತ ಚರಿತ್ರೆಯೇ ಅವನಿಗೆ ಎದುರು ನಿಲ್ಲುತ್ತದೆ. ಈ ವಿಚಾರಣೆಗೆ ಐದು ವರ್ಷ ಮೊದಲು, ಕ್ರಿ.ಪೂ. 404ರಲ್ಲಿ, ಸ್ಪಾರ್ಟಾದ ಬೆಂಬಲದಿಂದ ಮೂವತ್ತು ಮಂದಿ ಅಥೆನ್ಸನ್ನು ಹಿಡಿದರು. ಜನ ಸತ್ತರು, ಆಸ್ತಿ ಹೋಯಿತು. ಆಗ ಊರು ಬಿಟ್ಟವರು ಥ್ರಾಸಿಬುಲಸನ ಜೊತೆ ಫೈಲಿ ಎಂಬ ಗುಡ್ಡದ ಕೋಟೆ ಹಿಡಿದು, ಅಲ್ಲಿಂದ ಇಳಿದು ಬಂದು, ಮರುವರ್ಷ ಪ್ರಜಾಪ್ರಭುತ್ವ ಮರಳಿ ತಂದರು. ಸಾಕ್ರಟೀಸನ ಬಾಲ್ಯದ ಗೆಳೆಯ ಕೈರೆಫೋನ್ ಹೋದವರಲ್ಲೊಬ್ಬ. ಸಾಕ್ರಟೀಸ್ ಊರಿನಲ್ಲೇ ಉಳಿದ. ಅಂದರೆ, ಸೆರೆಮನೆಯಲ್ಲಿ ಅವನೆದುರು ನಿಂತು "ಉಳಿದವನೇ ನಿಷ್ಠ" ಎಂದು ವಾದಿಸುತ್ತಿರುವ ಆ ಕಾನೂನುಗಳು ಜೀವಂತವಾಗಿರುವುದೇ ಬಿಟ್ಟು ಹೋದವರಿಂದ! ಪ್ಲೇಟೋ ಈ ಮಾತನ್ನು ಆ ಸಂವಾದದಲ್ಲಿ ಕ್ರಿಟೋನಿಂದ ಯಾಕೆ ಹೇಳಿಸಲಿಲ್ಲವೋ. ನಾನಾಗಿದ್ದರೆ ಮೊದಲು ಅದನ್ನೇ ಎತ್ತುತ್ತಿದ್ದೆ.

ಹೋಗುವುದು ದ್ರೋಹವಲ್ಲ ಎಂದು ಇದರಿಂದ ತೋರಿತು. ಹೋಗುವುದು ಸರಿ ಎಂದು ತೋರಿತೇ? ಫೈಲಿಗೆ ಹೋದವರು ಮರಳುವುದಕ್ಕಾಗಿ ಹೋದವರು. ನಮ್ಮಲ್ಲಿ ಒಡೆದ ಮಂಡಳಿಗಳು ಮರಳಿದ್ದನ್ನು ನಾನು ಕಂಡಿಲ್ಲ. ಮುಂಬಯಿಗೆ ಹೋದ ನಮ್ಮವರನ್ನು ನೋಡಿ: ಊರು ಬಿಟ್ಟವರೇ ಅಲ್ಲಿ 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರಲ್ಲಿ ಬಂಟರ ಸಂಘ ಕಟ್ಟಿದರು. ಬಿಡುವುದರಲ್ಲಿ ಅಷ್ಟು ನಿಸ್ಸೀಮರಾದವರಿಗೂ ಹೋದಲ್ಲೆಲ್ಲ ಮತ್ತೆ ಒಂದು ಸಂಘ ಬೇಕೇ ಬೇಕು. ಸಂಘ ಬಂತೆಂದರೆ ಚುನಾವಣೆ, ಲೆಕ್ಕ, ಬಾಗಿಲಿನ ಮಾತು. ಹೊಸ ಮಂಡಳಿಯ ಲೆಕ್ಕದ ಪುಸ್ತಕದಲ್ಲಿ "ಇತರ" ಎಂಬ ಸಾಲು ಇರುವುದಿಲ್ಲ ಎಂದು ನಾನು ಹೇಗೆ ನಂಬಲಿ?

ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಶ್‌ಮನ್ 1970ರ ತನ್ನ ಪುಸ್ತಕದಲ್ಲಿ ಇನ್ನೊಂದು ಕಡೆಯಿಂದ ಎಚ್ಚರಿಸಿದ್ದಾನೆ: ಗುಣಮಟ್ಟ ಕೆಟ್ಟಾಗ ಮೊದಲು ಹೊರಡುವವರು ಅದರ ಬಗ್ಗೆ ಹೆಚ್ಚು ಕಾಳಜಿ ಇರುವವರೇ, ಹಾಗಾಗಿ ಒಳಗೆ ಜಗಳವಾಡಲು ಯಾರೂ ಉಳಿಯುವುದಿಲ್ಲ. ಸಮಿತಿಯವರು ಬಾಗಿಲು ತೋರಿಸುವುದು ಇದಕ್ಕಾಗಿಯೇ ಇರಬೇಕು. ಆ ಮನೆಯವರು ಹೊರಟದ್ದರಿಂದ ಸಮಿತಿಗೆ ನಷ್ಟವಾಗಲಿಲ್ಲ, ನೆಮ್ಮದಿಯಾಯಿತು.

ಒಡಕಿಗೂ ಒಂದು ಒಳ್ಳೆಯ ಮುಖವಿದೆ ಎಂಬುದನ್ನು ಒಪ್ಪಬೇಕು. ಹಳೆ ಮಂಡಳಿಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಪಲ್ಲವಿ ಮಾತ್ರ ಹೇಳುತ್ತಿದ್ದ ಹೆಂಗಸರು ಹೊಸದರಲ್ಲಿ ಮೈಕಿನ ಮುಂದೆ ಕೂತಿದ್ದಾರೆ, ಹುಡುಗಿಯರು ಕುಣಿತ ಭಜನೆ ಕಲಿಯುತ್ತಿದ್ದಾರೆ. ಅವರನ್ನು ನೋಡಿದಾಗ ಒಗ್ಗಟ್ಟು ಎಂಬುದು ಎಷ್ಟೋ ಸಲ ಕೆಲವರ ಬಾಯಿಯ ಒಗ್ಗಟ್ಟು ಎನಿಸುತ್ತದೆ. ತಮಾಷೆಯೂ ಉಂಟು. ಮಂಗಲೋತ್ಸವಕ್ಕೆ ಮೊದಲು ಎರಡೂ ಮಂಡಳಿಗಳು ನಗರ ಭಜನೆ ಹೊರಟವು. ಒಂದು ಮನೆಯ ಅಜ್ಜಿ ತುಳಸಿಕಟ್ಟೆಗೆ ದೀಪ ಇಟ್ಟು, ಹರಿವಾಣದಲ್ಲಿ ಅಕ್ಕಿ ತೆಂಗಿನಕಾಯಿ ಇಟ್ಟು, "ನಿನ್ನೆಯೂ ಬಂದಿದ್ರಲ್ಲ ಮಗಾ?" ಎಂದರು. "ಅದು ಅವರು ಅಜ್ಜಿ, ಇದು ನಾವು." ಅಜ್ಜಿ ಕನ್ನಡಕ ಸರಿ ಮಾಡಿಕೊಂಡು ಒಬ್ಬೊಬ್ಬರ ಮುಖವನ್ನೂ ನೋಡಿದರು.

ಬಿಟ್ಟೂ ಬಿಡದ ಹಾಗೆ ಇರುವ ದಾರಿಯೊಂದು ತುಳುನಾಡಿಗೆ ಹೊಸದಲ್ಲ. ಅಳಿಯಸಂತಾನ ಕಟ್ಟಿನಲ್ಲಿ ಕುಟುಂಬದ ಒಬ್ಬ ಸದಸ್ಯ ತನ್ನ ಪಾಲು ಕೊಡಿ ಎಂದು ಹಕ್ಕಿನಿಂದ ಕೇಳುವಂತಿರಲಿಲ್ಲ. ಎಲ್ಲರೂ ಒಪ್ಪಿದರೆ ಮಾತ್ರ ಪಾಲು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಕವರಿನ, ಅಂದರೆ ಕುಟುಂಬದ ಶಾಖೆಯ, ಲೆಕ್ಕದಲ್ಲಿ ಪಾಲು ಕೇಳುವ ಹಕ್ಕು ಸಿಕ್ಕಿತು. ಗದ್ದೆ ಪಾಲಾಯಿತು, ತೋಟ ಪಾಲಾಯಿತು. ಎಷ್ಟೋ ಕುಟುಂಬಗಳಲ್ಲಿ ದೈವದ ಚಾವಡಿ ಮಾತ್ರ ಪಾಲಾಗದೆ ಉಳಿಯಿತು. ಕೋರ್ಟಿನಲ್ಲಿ ಮುಖ ತಿರುಗಿಸಿ ಕೂತವರು ತಂಬಿಲದ ದಿನ ಒಂದೇ ಚಾಪೆಯಲ್ಲಿ ಕೂರುತ್ತಾರೆ. ಅಥೆನ್ಸಿನಲ್ಲೂ ಹೀಗೇ ಆಗಿತ್ತು ಎಂಬುದು ನನಗೆ ಖುಷಿ ಕೊಟ್ಟ ಸಂಗತಿ. ಕ್ರಿ.ಪೂ. 403ರ ರಾಜಿಯ ಪ್ರಕಾರ ಮರಳಿದವರ ಜೊತೆ ಇರಲಾರೆವು ಎನ್ನುವವರು ಎಲ್ಯೂಸಿಸ್ ಎಂಬ ಊರಿಗೆ ಹೋಗಿ ಬೇರೆಯಾಗಿ ಆಳಿಕೊಳ್ಳಬಹುದಿತ್ತು. ಅಲ್ಲಿನ ದೇವಾಲಯ ಮಾತ್ರ ಎರಡೂ ಕಡೆಯವರಿಗೆ ಸೇರಿದ್ದು. ಹಳೆಯ ಕೆಡುಕನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು ಎಲ್ಲರೂ ಆಣೆ ಹಾಕಿದರು. ಈ ಕ್ಷಮೆಯಿಂದ ಆ ಮೂವತ್ತು ಮಂದಿಯನ್ನೂ ಅವರ ಕೆಲವು ಅಧಿಕಾರಿಗಳನ್ನೂ ಹೊರಗಿಟ್ಟಿದ್ದರು. ತಮ್ಮ ಅಧಿಕಾರದ ಲೆಕ್ಕ ಒಪ್ಪಿಸಿದರೆ ಅವರಿಗೂ ಕ್ಷಮೆ ಉಂಟು.

ಎರಡು ಮಂಡಳಿ, ಒಂದು ಮಂದಿರ, ಲೆಕ್ಕ ಒಪ್ಪಿಸಿದವರ ಮೇಲೆ ಮತ್ತೆ ಮಾತಿಲ್ಲ: ನನ್ನ ತೀರ್ಮಾನ ಇದೇ ಎಂದು ಇಲ್ಲಿಗೆ ನಿಲ್ಲಿಸೋಣ ಎಂದಿದ್ದೆ. ಆದರೆ ಆ ಏರ್ಪಾಡು ಬಾಳಲಿಲ್ಲ. ಎರಡೇ ವರ್ಷದಲ್ಲಿ, ಎಲ್ಯೂಸಿಸ್‌ನವರು ಕೂಲಿ ಸೈನಿಕರನ್ನು ಸೇರಿಸುತ್ತಿದ್ದಾರೆ ಎಂಬ ಸುದ್ದಿ ಬಂದು, ಮಾತುಕತೆಗೆಂದು ಬಂದ ಅವರ ನಾಯಕರನ್ನು ಅಥೆನ್ಸಿನವರು ಕೊಂದರು. ಉಳಿದವರನ್ನು ನೆಂಟರಿಷ್ಟರ ಮೂಲಕ ಒಲಿಸಿ ಮರಳಿ ಸೇರಿಸಿಕೊಂಡರು. ಒಗ್ಗಟ್ಟು ಬಂತು, ಹೀಗೆ ಬಂತು.

ಮೂರನೆಯ ದಾರಿಯನ್ನೂ ಸಾಕ್ರಟೀಸನೇ ತೋರಿಸಿದ್ದ. ಸಲಾಮಿಸ್ಸಿನ ಲಿಯೋನ್ ಎಂಬವನನ್ನು ಕೊಲ್ಲಲು ಹಿಡಿದು ತನ್ನಿ ಎಂದು ಆ ಮೂವತ್ತು ಮಂದಿ ಐವರಿಗೆ ಅಪ್ಪಣೆ ಕೊಟ್ಟಾಗ ನಾಲ್ವರು ಹೋದರು. ಸಾಕ್ರಟೀಸ್ ಸುಮ್ಮನೆ ಮನೆಗೆ ಹೋದ. ಊರು ಬಿಡಲಿಲ್ಲ, ಹೇಳಿದಂತೆ ಕೇಳಲೂ ಇಲ್ಲ. ಶನಿವಾರ ಎರಡೂ ಕಡೆ ಹೋಗದೆ ಮನೆಯಲ್ಲಿ ಕೂತ ದಿನಗಳಲ್ಲಿ ನನಗೆ ಈ ದಾರಿ ಬಹಳ ಹಿಡಿಸಿತ್ತು. ಆದರೆ ಲಿಯೋನನನ್ನು ಆ ನಾಲ್ವರು ತಂದರು, ಅವನು ಸತ್ತ. ಇಲ್ಲಿ ಪ್ರಶ್ನೆ ಕೇಳಿದ ಹುಡುಗನೂ ಈಗ ಎರಡೂ ಮಂಡಳಿಯಲ್ಲಿಲ್ಲ. ಮೂಡುಬಿದಿರೆ ಕಡೆ ಮದುವೆ ಆರ್ಕೆಸ್ಟ್ರಾಗಳಿಗೆ ತಬಲ ನುಡಿಸುತ್ತಾನೆ, ದುಡ್ಡು ಸಿಗುತ್ತದೆ, ಲೆಕ್ಕದ ಮಾತು ತೆಗೆದರೆ ನಗುತ್ತಾನೆ.

ಸದ್ಯಕ್ಕೆ ಮಹಾಸಭೆಗೆ ಹೋಗುವುದು ಎಂದುಕೊಂಡಿದ್ದೇನೆ. "ಇತರ" ಎಂದರೇನು ಎಂದು ಈ ಸಲ ನಾನು ಕೇಳಬೇಕು, ಎಲೆ ಹಾಕುವುದಕ್ಕೆ ಮೊದಲೇ. ಉತ್ತರ ಬರದಿದ್ದರೂ ಉಳಿದರೆ, ನಾನು ಉಳಿದದ್ದನ್ನೇ ಒಪ್ಪಿಗೆ ಎಂದು ಬರೆದುಕೊಳ್ಳುತ್ತಾರೆ. ಹೊರಟರೆ ಕೇಳುವವರು ಮುಗಿದರು. ನನ್ನ ಅಸಮ್ಮತಿಯನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಿ ಉಳಿಯುವುದು ಒಂದು ಉಪಾಯ. ಆಗ ಉಳಿದವನು ಒಪ್ಪಿದವನಲ್ಲ ಎಂಬುದಕ್ಕೆ ಬರವಣಿಗೆಯ ಸಾಕ್ಷಿ ಇರುತ್ತದೆ. ತೊಂದರೆ ಏನೆಂದರೆ ನಮ್ಮಲ್ಲಿ ಲೆಕ್ಕ ಬರೆಯುವವರೇ ನಡಾವಳಿಯನ್ನೂ ಬರೆಯುವುದು.